ಬಳ್ಳಾರಿಯಲ್ಲಿ ಮನೆ ನೋಡೋದಾದರೆ ಮಧ್ಯಾಹ್ನ ಮೂರಕ್ಕೆ

ಬಳ್ಳಾರಿಗೆ ವರ್ಗವಾಗಿ ಬಂದಾಗ ನನಗೆ ಬೇಕಿದ್ದದ್ದು ಒಂದೇ ಒಂದು ರೂಮು. ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಪಕ್ಕಕ್ಕೆ ಬಾತ್‌ರೂಮ್. ಬೆಂಗಳೂರಿನಲ್ಲಿ ಇದಕ್ಕೆ ಸ್ಟುಡಿಯೋ ಅಂತಾರೆ. ಇಲ್ಲಿ ಹಾಗೆ ಕೇಳಿದ್ದಕ್ಕೆ ಒಬ್ಬರು "ಫೋಟೋ ತೆಗೆಯೋದಕ್ಕಾ?" ಅಂದರು. ಆಮೇಲೆ "ಸಿಂಗಲ್ ರೂಮು, ಅಟ್ಯಾಚ್ಡ್" ಅನ್ನೋದು ಕಲಿತೆ.

ಗಾಂಧಿನಗರದ ಬಾಡಿಗೆ ನನ್ನ ಕೈಗೆ ಎಟುಕಲಿಲ್ಲ. ಸಿರುಗುಪ್ಪ ರಸ್ತೆಯ ಹವಂಭಾವಿ ಕಡೆ ಹೋದೆ. ಅಲ್ಲಿ ಮಾಳಿಗೆ ಮೇಲಿನ ರೂಮೊಂದು ಸಿಕ್ಕಿತು. ಬೆಳಿಗ್ಗೆ ಏಳು ಗಂಟೆ, ತಣ್ಣಗಿನ ಗಾಳಿ. ಸುಮ್ನೆ 2,000 ರೂಪಾಯಿ ಟೋಕನ್ ಕೊಟ್ಟುಬಿಟ್ಟೆ. ಮಂಚ ಹಿಡಿಸುತ್ತದಾ ಅಂತ ಅಳೆಯಲು ಮಧ್ಯಾಹ್ನ ಹೋದರೆ ಒಳಗೆ ಒಲೆ! ಏಪ್ರಿಲ್ ಬಿಸಿಲಿಗೆ ಕಾದ ಸ್ಲ್ಯಾಬು ರಾತ್ರಿಯಿಡೀ ಶಾಖ ಬಿಡುತ್ತಲೇ ಇರುತ್ತದೆ. ಮೇಲೆ ಇನ್ನೊಂದು ಮನೆ ಇಲ್ಲ, ಪಡುವಣ ಗೋಡೆಗೆ ನೆರಳೂ ಇಲ್ಲ. ಬೇಡ ಅಂದೆ. ಟೋಕನ್ ವಾಪಸ್ ಬರಲಿಲ್ಲ. ತಪ್ಪು ನನ್ನದೇ, ರಸೀದಿ ಕೂಡ ತಗೊಂಡಿರಲಿಲ್ಲ.

ಅವತ್ತಿನಿಂದ ಮಧ್ಯಾಹ್ನ ಮೂರಕ್ಕೇ ಮನೆ ನೋಡಲು ಹೋದೆ. ಬಾಗಿಲು ತೆಗೆದ ಕೂಡಲೇ ಅಂಗೈ ಎತ್ತಿ ಪಡುವಣ ಗೋಡೆ ಮುಟ್ಟೋದು. ಓನರ್‌ಗಳಿಗೆ ವಿಚಿತ್ರ ಅನಿಸಿರಬೇಕು.

ಎರಡನೇ ಪ್ರಶ್ನೆ ನೀರಿನದು. ನಲ್ಲಿ ನೀರು ದಿನಾ ಬರೋದಿಲ್ಲ. "ನೀರಿಗೇನೂ ತೊಂದ್ರೆ ಇಲ್ಲಮ್ಮ" ಅಂತ ಎಲ್ಲರೂ ಹೇಳ್ತಾರೆ. ನಾನು ಸಂಪಿನ ಮುಚ್ಚಳ ತೆಗೆಸಿ ನೋಡುತ್ತಿದ್ದೆ. ಇನ್ನೂ ಒಳ್ಳೇದು ಅಂದರೆ ಪಕ್ಕದ ಮನೆಯವರನ್ನು ಕೇಳೋದು. "ಟ್ಯಾಂಕರ್ ಎಷ್ಟು ಸಲ ತರಿಸ್ತೀರಿ, ಅಕ್ಕ?" ಅಂದರೆ ಸಾಕು, ಬೀದಿಯ ಕಥೆಯೆಲ್ಲ ಗೊತ್ತಾಗುತ್ತದೆ.

ಕೊನೆಗೆ ಹಿಡಿದದ್ದು ಮಾಳಿಗೆ ಅಲ್ಲ, ನೆಲಮಟ್ಟದ ಹಿಂದಿನ ಭಾಗ. ಮೇಲೆ ಓನರ್ ಮನೆ, ಪಡುವಣಕ್ಕೆ ಬೇವಿನ ಮರ. ಬೆಳಕು ಕಮ್ಮಿ. ಇರಲಿ.

ಕರಾರು ಎಲ್ಲರಂತೆ 11 ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ ಲೆಕ್ಕ. ಅಡ್ವಾನ್ಸ್‌ನಲ್ಲಿ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅನ್ನೋದನ್ನು ಮಾತ್ರ ಒತ್ತಾಯ ಮಾಡಿ ಬರೆಸಿದೆ.

ತಲೆ ತಿಂದದ್ದು ಕರೆಂಟು. ನನ್ನ ರೂಮಿಗೆ ಬೇರೆ ಮೀಟರ್ ಇತ್ತು, ಅದೇ ನೋಡಿ ಒಪ್ಪಿದ್ದು. ಓನರ್ ಮೀಟರಿನಿಂದ ಎಳೆದ ಸಬ್‌ಮೀಟರ್ ಆದರೆ ಬಾಡಿಗೆಯವರ ಹೆಸರಲ್ಲಿ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟು, ಸಿಗೋದಿಲ್ಲ. ಆದರೆ ಅರ್ಜಿ ಹಾಕಲು ಹೋದರೆ ಹಳೇ ಬಾಡಿಗೆಯವರ ಆಧಾರ್ ಇನ್ನೂ ಆ ಮೀಟರಿಗೇ ಜೋಡಣೆಯಾಗಿತ್ತು! ಅವರ ನಂಬರ್ ಹುಡುಕಿ, ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ನನ್ನದು ಸೇರಿಸಿದೆ. 200 ಯೂನಿಟ್ ಅನ್ನೋದು ಮೇಲಿನ ಮಿತಿ ಅಷ್ಟೇ. ಉಚಿತ ಎಷ್ಟು ಅನ್ನೋದು ಹಳೇ ಬಳಕೆ ನೋಡಿ ನಿಗದಿಯಾಗುತ್ತದೆ. ಮಳೆಗಾಲದಲ್ಲಿ ಸೊನ್ನೆ ಬಿಲ್ಲು ಬಂತು. ಮುಂದಿನ ಬೇಸಿಗೆಗೆ ಕೂಲರ್ ತಂದೆ, ಮಿಕ್ಕಿದ ಯೂನಿಟ್ಟಿಗೆ ಈಗ ದುಡ್ಡು ಕಟ್ಟುತ್ತಿದ್ದೇನೆ.