ಮುಚ್ಚಳದಲ್ಲಿ ಬಂದ ಮುದ್ದೆ

ಅಮ್ಮ ಆಸ್ಪತ್ರೆಯಲ್ಲಿ 11 ದಿನ ಇದ್ದಳು. ಮೂರನೇ ದಿನ ಮಧ್ಯಾಹ್ನದವರೆಗೂ ನಾನು ಏನೂ ತಿಂದಿರಲಿಲ್ಲ. ಪಕ್ಕದ ಮಂಚದಲ್ಲಿದ್ದ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, ಮಾಗಡಿ ಕಡೆಯವರು, ಕ್ಯಾರಿಯರ್ ಬಿಚ್ಚಿದರು. ನನ್ನ ಹತ್ತಿರ ತಟ್ಟೆ ಇರಲಿಲ್ಲ. ಕ್ಯಾರಿಯರ್ ಮುಚ್ಚಳದಲ್ಲೇ ಮುದ್ದೆ ಮುರಿದಿಟ್ಟು, ಮೇಲೆ ಸೊಪ್ಪಿನ ಸಾರು ಸುರಿದು, “ತಿನ್ನವ್ವ, ಖಾಲಿ ಹೊಟ್ಟೇಲಿ ಕಾಯಬಾರದು” ಅಂದರು. ಅಮ್ಮ ಮಲಗಿದ್ದಲ್ಲಿಂದಲೇ ಅವರ ಕೈ ಮುಟ್ಟಿ, “ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ” ಅಂದಳು. ಎರಡು ದಿನ ಕಳೆದು ಅವರು ಊರಿಗೆ ಹೋದರು. ನಾನು ಹೆಸರು ಕೂಡ ಕೇಳಿರಲಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು. ಹಿಂದೆ ಪದ್ಯ ಬರೆದವಳಲ್ಲ. ಮೊದಲ ಎರಡು ತಿಂಗಳು ಬರೆದದ್ದೆಲ್ಲ ಹೀಗಿತ್ತು: ‘ಉದಾರ ಮನಸಿಗೆ ಕೃತಜ್ಞತೆಯ ನಮನ, ಅದರಲ್ಲೇ ಇದೆ ಶಾಂತಿಯ ಸದನ.’ ಒಂದು ನೋಟ್‌ಬುಕ್ ಪೂರ್ತಿ ತುಂಬಿತು. ಬಸವನಗುಡಿಯಲ್ಲಿ ನಮ್ಮ ಬೀದಿಯಲ್ಲೇ ಇರುವ, ರಿಟೈರ್ ಆದ ಕನ್ನಡ ಮೇಷ್ಟ್ರಿಗೆ ಅದನ್ನು ತೋರಿಸಿದೆ. ಅವರು ನಿಧಾನವಾಗಿ ಓದಿದರು. ಆಮೇಲೆ ಒಂದೇ ಮಾತು ಕೇಳಿದರು: “ಆ ಹೆಂಗಸು ಎಲ್ಲಮ್ಮಾ ಇದರಲ್ಲಿ?”

ಎಲ್ಲೂ ಇರಲಿಲ್ಲ. ಮುದ್ದೆಯೂ ಇರಲಿಲ್ಲ, ಮುಚ್ಚಳವೂ ಇರಲಿಲ್ಲ.

ಅವತ್ತಿನಿಂದ ಒಂದು ಕಟ್ಟು ಹಾಕಿಕೊಂಡೆ. ಔದಾರ್ಯ, ಕೃತಜ್ಞತೆ, ಶಾಂತಿ, ಈ ಮೂರು ಮಾತು ಪದ್ಯದೊಳಗೆ ಬರಕೂಡದು. ಯೋಚಿಸಿ ನೋಡಿ, ನಮ್ಮ ಮನೆಗಳಲ್ಲಿ ಯಾರಾದರೂ ‘ಕೃತಜ್ಞತೆಗಳು’ ಅಂತಾರಾ? ಉಪಕಾರ ಆಯ್ತು ಅಂತೀವಿ, ಪುಣ್ಯ ಬರ್ಲಿ ಅಂತೀವಿ, ಹೊಟ್ಟೆ ತಣ್ಣಗಿರ್ಲಿ ಅಂತೀವಿ. ಊಟ ಕೊಟ್ಟವರಿಗೆ ಅವರ ಹೊಟ್ಟೆಯ ತಂಪನ್ನೇ ಹಾರೈಸುವ ಮಾತು ಅದು. ಇದಕ್ಕಿಂತ ಒಳ್ಳೆಯ ಸಾಲು ನನ್ನಿಂದ ಬರಲಾರದು ಅಂತ ಗೊತ್ತಾಯಿತು. ಹಾಗಾಗಿ ಅಮ್ಮನ ಮಾತನ್ನೇ ಇಟ್ಟುಕೊಂಡೆ.

‘ನೆನೆ’ ಎನ್ನುವ ಮಾತೂ ನನಗೆ ತುಂಬಾ ಇಷ್ಟ. ಮಳೆಯಲ್ಲಿ ನೆನೆಯುತ್ತೇವೆ, ಉಪಕಾರ ಮಾಡಿದವರನ್ನೂ ನೆನೆಯುತ್ತೇವೆ. ರಾಗಿ ಬೀಸುತ್ತಾ ತ್ರಿಪದಿ ಹಾಡುತ್ತಿದ್ದ ಹೆಂಗಸರು ಬೆಳಗಾಗೆದ್ದು ಭೂಮಿತಾಯಿಯನ್ನು ನೆನೆಯುತ್ತಿದ್ದರಲ್ಲ, ಅಲ್ಲಿ ಎರಡು ಅರ್ಥವೂ ಇದೆ ಅಂತ ನನಗನ್ನಿಸುತ್ತದೆ.

ಮೇಷ್ಟ್ರು ಪದ್ಯದ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ, ಎಣಿಸುವುದನ್ನು ಕಲಿಸಿದರು. ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಸೊನ್ನೆ ಇರುವ ಅಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಮೂರು ನಾಲ್ಕು, ಮೂರು ನಾಲ್ಕು ಅಂತ 14 ಮಾತ್ರೆಯ ಸಾಲು ಹಿಡಿಯಲು ಹೇಳಿದರು. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಚಿಕ್ಕ ಸಾಲುಗಳ ನಡೆಯೇ ಇದು. ಜೊತೆಗೆ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ‘ಹೊಟ್ಟೆ’ ಮೊದಲೇ ಸಿಕ್ಕಿತ್ತು. ಅದೇ ತಟ್ಟೆಯನ್ನೂ ಇಟ್ಟದ್ದನ್ನೂ ಮುಟ್ಟಿದ್ದನ್ನೂ ಕರೆದುಕೊಂಡು ಬಂತು.

ತಟ್ಟೆ ಇಲ್ಲದೆ ಮುಚ್ಚಳದೊಳಗೆ
ಇಟ್ಟು ಕೊಟ್ಟಳು ಅರ್ಧ ಮುದ್ದೆಯ
ಮುಟ್ಟಿ ಕೈಯನು ನನ್ನ ಅಮ್ಮನು
ಹೊಟ್ಟೆ ತಣ್ಣಗೆ ಇರಲಿ ಎಂದಳು

ಈ ನಾಲ್ಕು ಸಾಲಿಗೆ ಮೂರು ವಾರ ಹಿಡಿಯಿತು. ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಮೇಲೆ, ಕೆಂಪೇಗೌಡ ಗೋಪುರದ ಹತ್ತಿರ ಕೂತು ಬೆರಳ ಗೆಣ್ಣಿನಲ್ಲಿ ಎಣಿಸುತ್ತಿದ್ದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಆಸ್ಪತ್ರೆಯ ದಿನಗಳಾದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಮುಂದೇನು, ಮತ್ತೆ ಹಾಗಾದರೆ ಏನು ಅಂತ ತಲೆ ಓಡುತ್ತಲೇ ಇರುತ್ತಿತ್ತು. ಮಾತ್ರೆ ಎಣಿಸುವಾಗ ಮಾತ್ರ ಅದು ನಿಲ್ಲುತ್ತಿತ್ತು. ಎಣಿಸುತ್ತಾ ಎಣಿಸುತ್ತಾ ಉಸಿರು ಆ ನಡೆಗೇ ಇಳಿದುಬಿಡುತ್ತಿತ್ತು. ಶಾಂತಿಯ ಬಗ್ಗೆ ಪದ್ಯ ಬರೆಯಬೇಕು ಅನ್ನುವ ಹಟ ಅಲ್ಲಿಗೆ ಬಿಟ್ಟುಹೋಯಿತು. ಹೊತ್ತು ಮೂಡುವಾಗ ಆ ಕಲ್ಲು ಅಂಗಾಲಿಗೆ ತಣ್ಣಗಿರುತ್ತದೆ. ಅದನ್ನಷ್ಟೇ ಬರೆದಿದ್ದೇನೆ.

ಎರಡನೇ ಪದ್ಯ ಗಾಂಧಿಬಜಾರಿನಲ್ಲಿ ಸಿಕ್ಕಿತು. ಹೂವಿನಮ್ಮ ಒಂದು ಮೊಳ ಅಳೆದು, ಕತ್ತರಿಸುವ ಮುಂಚೆ ಕೈಯನ್ನು ಗೇಣುದ್ದ ಮುಂದೆ ಸರಿಸುತ್ತಾರೆ. ನಾವು ಅದಕ್ಕೆ ಕೊಸರು ಅಂತೀವಿ. ಕೊಟ್ಟ ಲೆಕ್ಕದ ಆಚೆ ಬರುವ ಆ ಚೂರಿಗೆ ಬೇರೆಯದೇ ಹೆಸರಿಟ್ಟ ಭಾಷೆ ನಮ್ಮದು! ನನಗೆ ಅದು ದೊಡ್ಡ ಸಂತೋಷ.

ನಾನು ಕೊಟ್ಟದ್ದರ ಬಗ್ಗೆಯೂ ಒಮ್ಮೆ ಬರೆದೆ, ರಕ್ತ ಕೊಟ್ಟು ಬಂದ ದಿನ. ಎಷ್ಟು ತಿದ್ದಿದರೂ ‘ನಾನು’ ಉಬ್ಬಿಕೊಂಡು ನಿಲ್ಲುತ್ತಿತ್ತು. ಹರಿದು ಹಾಕಿದೆ. ಕೊಡುವುದರ ಪದ್ಯವನ್ನು ಇಸಿದುಕೊಂಡವರೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿವಿಜಿ ಅವರಿಗೆ 1970ರಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಕೊಟ್ಟಾಗ, ಅವರು ಅಷ್ಟನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಬುಲ್ ಟೆಂಪಲ್ ರಸ್ತೆಯಲ್ಲಿ ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನೆನೆಯುತ್ತೇನೆ. ಅದರ ಬಗ್ಗೆ ಬರೆಯಬೇಕಾದವರು ಅಲ್ಲಿ ಕೂತು ಓದಿದ ನಮ್ಮಂಥವರು, ಅಲ್ವಾ?

ಹೋದ ವಾರ ಮುದ್ದೆಯ ಪದ್ಯವನ್ನು ಅಮ್ಮನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. “ಅರ್ಧ ಅಲ್ಲ ಕಣೇ” ಅಂದಳು. “ಮುಕ್ಕಾಲು ನಿನಗೇ ಇಟ್ಟಿದ್ದಳು. ಅವಳಿಗೆ ಉಳಿದದ್ದನ್ನ ನಾನು ಮಲಗಿದ್ದಲ್ಲಿಂದ ನೋಡಿದೆ.”

‘ಅರ್ಧ’ಕ್ಕೆ ಮೂರು ಮಾತ್ರೆ, ‘ಮುಕ್ಕಾಲು’ಗೆ ಐದು. ಎರಡು ಜಾಸ್ತಿಯಾಗುತ್ತದೆ, ಓದುವಾಗ ನಾಲಿಗೆ ಎಡವುತ್ತದೆ. ಆದರೂ ‘ಅರ್ಧ’ವನ್ನು ಹೊಡೆದು ಹಾಕಿ ‘ಮುಕ್ಕಾಲು’ ಅಂತಲೇ ಬರೆದಿಟ್ಟಿದ್ದೇನೆ.