ಅವ್ವನ ಕಂತು ಬರುವಂತೆ ಮಾಡಿದ್ದು: ನನ್ನ ಅನುಭವ

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲ. ಎರಡು ಸರ್ವೆ ನಂಬರಿನಲ್ಲಿ ಮೂರೂವರೆ ಎಕರೆ, ಶೇಂಗಾ ಬೆಳೆ. ಅಪ್ಪನಿಗೆ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ಹಣ ಬರುತ್ತಿತ್ತು. ವರ್ಷಕ್ಕೆ 6,000, ಎರಡೆರಡು ಸಾವಿರದಂತೆ ಮೂರು ಕಂತು. 2021ರಲ್ಲಿ ಅಪ್ಪ ತೀರಿಕೊಂಡರು. ಅವ್ವನಿಗೆ ತಾನಾಗಿಯೇ ಬರುತ್ತದೆ ಅಂದುಕೊಂಡು ಸುಮ್ನೆ ಕೂತೆವು. ಹಾಗೆ ಬರುವುದಿಲ್ಲ.

ಮೊದಲು ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋದೆ. ಪಹಣಿಯಲ್ಲಿ ಅವ್ವನ ಹೆಸರು ಕೂರುವಷ್ಟರಲ್ಲಿ 2022 ಬಂದಿತ್ತು. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ಯೋಜನೆ ಇಲ್ಲ, ಆದರೆ ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಅರ್ಜಿಯನ್ನೇ ಹಾಕಿಲ್ಲ.

ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ, ಅಂದರೆ ರೈತರ ಮತ್ತು ಅವರ ಜಮೀನಿನ ವಿವರ ಇಡುವ ರಾಜ್ಯ ಸರ್ಕಾರದ ಆನ್‌ಲೈನ್ ದಾಖಲೆಗೆ ಹೆಸರು ಸೇರಿಸುವುದು. ಅವ್ವನಿಗೆ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಸಿಕ್ಕಿತು, ಅರ್ಜಿಯೂ ಹೋಯಿತು. ಆದರೂ ಹಣ ಬರಲಿಲ್ಲ. ನಾನು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಬ್ಯಾಂಕಿಗೆ ಮೂರು ಸಲ ಅಲೆದೆ. ಕೊನೆಗೆ ಅಲ್ಲಿದ್ದ ಒಬ್ಬ ಹುಡುಗ ಬಿಡಿಸಿ ಹೇಳಿದ: ಹಣ ಹೋಗುವುದು ಆಧಾರ್‌ಗೆ ಜೋಡಣೆ ಆಗಿರುವ ಅಕೌಂಟಿಗೆ, ಅರ್ಜಿಯಲ್ಲಿ ಬರೆದ ಅಕೌಂಟಿಗಲ್ಲ. ಅವ್ವನ ಅಕೌಂಟಿಗೆ ಆ ಜೋಡಣೆಯೇ ಆಗಿರಲಿಲ್ಲ. ಒಂದು ಫಾರಂ ತುಂಬಿ ಕೊಟ್ಟೆ, ಅಷ್ಟೇ.

ಉಳಿದದ್ದು ಇ-ಕೆವೈಸಿ, ಅಂದರೆ ಹಣ ಪಡೆಯುವವರು ಇವರೇ ಅಂತ ಆಧಾರ್ ಮೂಲಕ ಖಚಿತಪಡಿಸುವುದು. ಅದೇ ಹೆಚ್ಚು ನೋವು ಕೊಟ್ಟದ್ದು. ಸೈಬರ್ ಅಂಗಡಿಯಲ್ಲಿ ಅವ್ವ ಹೆಬ್ಬೆಟ್ಟು ಒತ್ತಿದಳು, ಯಂತ್ರ ತಗೊಳ್ಳಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಹತ್ತೂ ಬೆರಳು ಆಯಿತು. ನಲವತ್ತು ವರ್ಷ ಶೇಂಗಾ ಬಿಡಿಸಿದ ಕೈ ಅದು, ಗೆರೆ ಎಲ್ಲಿ ಉಳಿದಿರುತ್ತದೆ? "ನನ್ನ ಕೈ ನಂದಲ್ಲ ಅಂತೈತೇನಪ್ಪಾ ಇದು" ಅಂದಳು. ನನಗೆ ಮಾತು ಹೊರಡಲಿಲ್ಲ. 2023ರಲ್ಲಿ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ಕೆವೈಸಿ ಮಾಡುವ ಸೌಲಭ್ಯ ಬಂತು. ಮನೆ ಜಗಲಿಯ ಮೇಲೆ, ಬೆಳಕಿಗೆ ಮುಖ ಮಾಡಿ ಕೂರಿಸಿದೆ. ಕಣ್ಣು ಮಿಟುಕಿಸು ಅಂದೆ. ಆಯಿತು! ಮುಂದಿನ ಕಂತಿಗೆ 2,000 ಬಂತು.

ಅದೇ ವರ್ಷ ಬರ. ಶೇಂಗಾ ಕಾಯಿ ಕಟ್ಟಲೇ ಇಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ಪರಿಹಾರ, ಎರಡು ಹೆಕ್ಟೇರಿನವರೆಗೆ. ನಮಗೆ ಲೆಕ್ಕಕ್ಕಿಂತ ಕಡಿಮೆ ಬಂತು. ಹುಡುಕಿದರೆ ಎಫ್‌ಐಡಿಯಲ್ಲಿ ಒಂದೇ ಸರ್ವೆ ನಂಬರ್ ಸೇರಿತ್ತು! ಬರ ಪರಿಹಾರ ಕೊಡುವುದೇ ಎಫ್‌ಐಡಿಯಲ್ಲಿರುವ ಸರ್ವೆ ನಂಬರ್ ನೋಡಿ. ಇನ್ನೊಂದು ಹೊಲದ ಹಣ ಹೋಯಿತು. ನೋಂದಣಿ ದಿನ ಎರಡೂ ಪಹಣಿ ನನ್ನ ಚೀಲದಲ್ಲೇ ಇದ್ದವು. ಅವತ್ತೇ ನೋಂದಣಿ ಚೀಟಿ ಈಸಿಕೊಂಡು ಓದಿ ನೋಡಬೇಕಿತ್ತು, ಅಲ್ವಾ? ಪಹಣಿ, ಆಧಾರ್ ತಗೊಂಡು ಹೋಗಿ ಆ ನಂಬರ್ ಸೇರಿಸಲು ಹಿಡಿದದ್ದು ಅರ್ಧ ದಿನ.

ಈಗ ಪ್ರತಿ ಮುಂಗಾರಿಗೆ ಮುಂಚೆ ಎಫ್‌ಐಡಿ ತೆಗೆಸಿ ನೋಡುತ್ತೇನೆ. ಬಿತ್ತಿದ ಮೇಲೆ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಎರಡೂ ಹೊಲದ ಫೋಟೋ ನಾನೇ ಹಾಕುತ್ತೇನೆ. ಪಕ್ಕದ ಹೊಲದ ದೊಡ್ಡಪ್ಪನದ್ದೂ ನೋಡಿದೆ. ಅವರದು ಮೂರು ನಂಬರಿನಲ್ಲಿ ಎರಡು ಸೇರಿಯೇ ಇಲ್ಲ. ಸೋಮವಾರ ಕರೆದುಕೊಂಡು ಹೋಗುತ್ತೇನೆ.