ಮಲ್ಲಕಂಬದಿಂದ ಜಿಮ್ನಾಸ್ಟಿಕ್ಸ್‌ಗೆ: ಮಗು ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು

ಬಾಗಲಕೋಟೆ, ವಿಜಯಪುರದ ಕಡೆ ಗರಡಿಮನೆಯಲ್ಲಿ ಮಲ್ಲಕಂಬ ಏರಿ ಬೆಳೆದ ಮಕ್ಕಳಿಗೆ ಭುಜ ಮತ್ತು ಹೊಟ್ಟೆಯ ಬಲ ಮೊದಲೇ ಬಂದಿರುತ್ತದೆ. ತಲೆಕೆಳಗಾಗುವ ಹೆದರಿಕೆಯೂ ಇರುವುದಿಲ್ಲ. ಆದರೆ ಕಂಬದಾಟದಲ್ಲಿ ದೇಹವು ಬಹುಪಾಲು ಹೊತ್ತು ಕಂಬವನ್ನು ಹಿಡಿದೇ ಇರುತ್ತದೆ, ಜಿಮ್ನಾಸ್ಟಿಕ್ಸ್‌ನಲ್ಲಾದರೋ ಉಪಕರಣವನ್ನು ಬಿಟ್ಟು ಗಾಳಿಯಲ್ಲಿ ತಿರುಗಿ ನೆಲಕ್ಕೆ ಬರುತ್ತದೆ. ಆದುದರಿಂದ ಲಾಗಕ್ಕಿಂತ ಮೊದಲು ಇಳಿಯುವುದನ್ನು ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆರಂಭಕ್ಕೆ ಒಂದು ಮೆಟ್ಟಿಲಿನಷ್ಟು ಎತ್ತರ ಸಾಕು. ಮಗು ಎರಡೂ ಪಾದಗಳನ್ನು ಸೊಂಟದಗಲಕ್ಕಿಟ್ಟು ಮ್ಯಾಟಿನ ಮೇಲೆ ಜಿಗಿಯಲಿ. ಪಾದ ತಾಗಿದೊಡನೆ ಮೊಣಕಾಲು ಮತ್ತು ಸೊಂಟ ಬಾಗಬೇಕು, ಮೊಣಕಾಲುಗಳು ಒಳಕ್ಕೆ ವಾಲಬಾರದು, ಕೈಗಳು ಮುಂದಕ್ಕೆ ಚಾಚಿರಬೇಕು. ಇದು ಕೈಗೂಡಿದ ಮೇಲೆ ಬೀಳುವುದನ್ನು ಕಲಿಸಬೇಕು. ಹಿಂದಕ್ಕೆ ಬೀಳುವಾಗ ಮಕ್ಕಳು ಸಹಜವಾಗಿಯೇ ಕೈಯನ್ನು ನೆಟ್ಟಗೆ ಹಿಂದಕ್ಕೆ ಊರುತ್ತಾರೆ. ಮೊಣಕೈ ಮತ್ತು ಮಣಿಕಟ್ಟಿಗೆ ಪೆಟ್ಟಾಗುವುದು ಹೆಚ್ಚಾಗಿ ಹೀಗೆಯೇ. ಗದ್ದವನ್ನು ಎದೆಗೊತ್ತಿ, ಕೈಗಳನ್ನು ಎದೆಯ ಮೇಲೆ ಮಡಚಿ, ಬೆನ್ನನ್ನು ದುಂಡಗೆ ಮಾಡಿ ಉರುಳುವುದು ಯೋಚನೆಯಿಲ್ಲದೆ ಬರುವಷ್ಟು ಅಭ್ಯಾಸವಾಗಲಿ. ಇದಕ್ಕೆ ವಾರಗಳು ಹಿಡಿದರೂ ಅವಸರಪಡಬೇಡಿ. ಒಲಿಂಪಿಕ್ಸ್‌ಗೆ ಹೋಗುವ ಹುಡುಗಿಗೂ ಆ ವರ್ಷದೊಳಗೆ 16 ತುಂಬಿರಬೇಕೆಂಬ ನಿಯಮವಿರುವಾಗ, ಏಳರ ಮಗುವಿಗೆ ಆತುರವೇಕೆ?

ತರಬೇತಿಯ ಜಾಗವನ್ನು ನೋಡಲು ಹೋದಾಗ ಉಪಕರಣಗಳಿಗಿಂತ ಮೊದಲು ನೆಲವನ್ನು ಪರೀಕ್ಷಿಸಿರಿ. ನಮ್ಮ ಕಡೆಯ ಸಭಾಂಗಣಗಳಲ್ಲಿ ಪರಸಿ ಕಲ್ಲು ಹಾಸಿದ ನೆಲ ಸಾಮಾನ್ಯ. ಅದರ ಮೇಲೆ ತೆಳುವಾದ ಚಾಪೆಯನ್ನಷ್ಟೇ ಹಾಸಿದ್ದರೆ ಅಲ್ಲಿ ಲಾಗ ಹಾಕಿಸಬಾರದು. ದೊಡ್ಡ ಸ್ಪರ್ಧೆಗಳಲ್ಲಿ ಇಳಿಯುವ ಮ್ಯಾಟು 20 ಸೆಂ.ಮೀ. ದಪ್ಪವಿರುತ್ತದೆ. ಎರಡು ಮ್ಯಾಟುಗಳ ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದಿ ಇದೆಯೇ, ಹೊಸ ಪಟ್ಟನ್ನು ಮಾಡುವ ಮಗುವಿಗೆ ತರಬೇತುದಾರರು ಪಕ್ಕದಲ್ಲೇ ನಿಂತು ಕೈಯಾಸರೆ ಕೊಡುತ್ತಾರೆಯೇ ಎಂಬುದನ್ನು ಒಂದು ಗಂಟೆ ಕುಳಿತು ನೋಡಿದರೆ ತಿಳಿಯುತ್ತದೆ. ಐದು ಮೀಟರ್ ಉದ್ದ, ಕೇವಲ 10 ಸೆಂ.ಮೀ. ಅಗಲವಿರುವ ಬ್ಯಾಲೆನ್ಸ್ ಬೀಮಿನ (ಸಮತೋಲನ ಕಾಯ್ದುಕೊಂಡು ಮೇಲೆ ನಡೆಯುವ ತೊಲೆಯ) ಎತ್ತರ 125 ಸೆಂ.ಮೀ.; ಆದ್ದರಿಂದ ನೆಲದ ಮೇಲೆ ಎಳೆದ ಗೆರೆಯಿಂದಲೇ ಅದರ ಪಾಠ ಶುರುವಾಗಬೇಕು.

ಎರಡೂ ಆಟಗಳನ್ನು ಆಡುವ ಮಕ್ಕಳಿಗೆ ಒಂದು ಎಚ್ಚರಿಕೆ: ಮಲ್ಲಕಂಬಕ್ಕೆ ಸವರಿದ ಹರಳೆಣ್ಣೆಯು ಕೈಯಲ್ಲಿ ಉಳಿದಿದ್ದರೆ ಜಿಮ್ನಾಸ್ಟಿಕ್ಸ್‌ನ ಬಾರಿನ (ಹಿಡಿದು ತೂಗುವ ಅಡ್ಡ ಸರಳಿನ) ಮೇಲೆ ಹಿಡಿತ ಜಾರುತ್ತದೆ. ಸಾಬೂನಿನಿಂದ ತೊಳೆದು, ಪೂರ್ತಿ ಒರೆಸಿಕೊಂಡ ಮೇಲೆಯೇ ಹಿಡಿತಕ್ಕೆ ಬಳಸುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯನ್ನು ಹಚ್ಚಿಕೊಳ್ಳಬೇಕು.

ಇಳಿತಕ್ಕೆ ಅಂಕದ ಬೆಲೆಯೂ ಇದೆ. ತೀರ್ಪುಗಾರರು ಇಳಿದಾಗಿನ ಸಣ್ಣ ಹೆಜ್ಜೆಗೆ 0.1, ದೊಡ್ಡ ಹೆಜ್ಜೆಗೆ 0.3, ಬಿದ್ದರೆ 1 ಅಂಕವನ್ನು ಕಳೆಯುತ್ತಾರೆ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ (ಓಡಿಬಂದು ಮೇಜಿನಂಥ ಉಪಕರಣಕ್ಕೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ) ತ್ರಿಪುರದ ದೀಪಾ ಕರ್ಮಾಕರ್ ನಾಲ್ಕನೆಯವರಾದಾಗ ಅವರಿಗೂ ಕಂಚಿಗೂ ಇದ್ದ ಅಂತರ 0.15 ಮಾತ್ರ. ಹೀಗಾಗಿ ದಿನನಿತ್ಯದ ಅಭ್ಯಾಸದಲ್ಲಿಯೂ, ಮೆಟ್ಟಿಲಿನಿಂದ ಜಿಗಿದಾಗಲೂ, ಪಾದ ಕದಲಿಸದೆ ಎರಡು ಎಣಿಸುವವರೆಗೆ ನಿಂತು, ಆಮೇಲೆ ಕೈಯೆತ್ತಿ ತೀರ್ಪುಗಾರರಿಗೆ ವಂದಿಸುವಂತೆ ಮಗುವಿಗೆ ಹೇಳಿಕೊಡಿ.